ಅತ್ತೆಯ ಶುಕ್ರವಾರದ ಉಪ್ಪಿಟ್ಟು

ಅತ್ತೆಯ ಬಳೆಗಳು ಮಣಿಕಟ್ಟಿನಲ್ಲಿ ನಿಲ್ಲುತ್ತಲೇ ಇರಲಿಲ್ಲ. ಹೊಲಿಗೆ ಮಿಷನ್ನಿನ ಮುಂದೆ ಕೂತು ಬಟ್ಟೆ ತಳ್ಳಿದರೆ ಬೆರಳ ಗೆಣ್ಣಿನವರೆಗೆ ಜಾರಿ ಬರುತ್ತಿದ್ದವು; ಹಣೆಯ ಮೇಲಿನ ಕೂದಲು ಸರಿಸಲು ಕೈ ಎತ್ತಿದರೆ ಮೊಣಕೈ ದಾಟಿ ಮೇಲೆ ಹೋಗಿ ಕೂರುತ್ತಿದ್ದವು. ಎಲ್ಲಾದರೂ ಬಿದ್ದುಹೋದೀತೆಂದು ಬಳೆಗೆ ಹಳದಿ ದಾರ ಬಿಗಿಯಾಗಿ ಸುತ್ತಿಕೊಂಡಿದ್ದಳು. ಕೈ ಇನ್ನಷ್ಟು ಸಣ್ಣಗಾದಾಗ ಇನ್ನೊಂದು ಸುತ್ತು ದಾರ. ಅವಳ ಹತ್ತಿರ ಬ್ಲೌಸ್ ಹೊಲಿಸುತ್ತಿದ್ದ ಕೊಪ್ಪದ ಹೆಂಗಸರೆಲ್ಲ ಸ್ವಲ್ಪ ದಿನಕ್ಕೆ ವಾಪಸು ಬಂದು, "ಬಿಗಿಯಾಗ್ತಿದೆ, ಪಕ್ಕದ ಹೊಲಿಗೆ ಒಂಚೂರು ಬಿಚ್ಚಿಕೊಡಿ" ಅನ್ನುತ್ತಿದ್ದರು. ಅತ್ತೆ ತನ್ನ ಬ್ಲೌಸುಗಳಿಗೆ ಮಾತ್ರ ಒಳಗಡೆಯಿಂದ ಹೊಸ ಹೊಲಿಗೆ ಹಾಕುತ್ತಾ ಬರುತ್ತಿದ್ದಳು.

"ನಿಮ್ಮದೆಲ್ಲ ದೊಡ್ಡದಾಗ್ತಾ ಹೋಗುತ್ತೆ. ನಂದು ಮಕ್ಕಳ ಸೈಜಿಗೆ ಬರ್ತಾ ಇದೆ ನೋಡಿ" ಎಂದು ಅವಳು ನಕ್ಕರೆ ಎಲ್ಲರೂ ನಗುತ್ತಿದ್ದರು. ಆಗ ನಾನೂ ನಗುತ್ತಿದ್ದೆ.

ಅತ್ತೆ ಎಂದರೆ ಗಂಡನ ತಾಯಿಯಲ್ಲ, ಅಪ್ಪನ ಅಕ್ಕ. ಅವಳಿಗೆ ಮದುವೆಯಾಗಲಿಲ್ಲ. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು, ಕೇಸರಿಬಾತು ತಿಂದು, ಕಾಫಿ ಕುಡಿದು, "ಹುಡುಗಿಗೆ ಒಳಗೆ ಎಂತದೋ ಕಾಯಿಲೆ ಇದ್ದಂಗಿದೆ" ಎಂದು ಗೇಟು ದಾಟುವಾಗಲೇ ಮಾತಾಡಿಕೊಂಡು ಹೋದರಂತೆ. ಅವರ ನಾಲಿಗೆ ಸೇದಿಹೋಗ ಎಂದು ನಾನು ಎಷ್ಟೋ ಸಲ ಬೈದಿದ್ದೇನೆ. ಆದರೆ ಹಾಳಾದವರು ಆಡಿದ್ದು ನಿಜವೇ ಆಗಿತ್ತು. ಕಾಯಿಲೆ ಇತ್ತು. ಅದು ಅವರು ತಿಂದೆದ್ದ ತಟ್ಟೆಯಲ್ಲೇ ಇತ್ತು ಎಂದು ಅವರಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ.

ಕೊಪ್ಪದ ಪೇಟೆಯಲ್ಲಿ ಒಂದು ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿ ಅತ್ತೆ ಹೊಲಿಗೆ ಕ್ಲಾಸು ನಡೆಸುತ್ತಿದ್ದಳು. ಮುಂದಿನ ಕೋಣೆಯಲ್ಲಿ ಮಿಷನ್ನುಗಳು, ಹಿಂದಿನ ಕೋಣೆಯಲ್ಲಿ ಸಂಸಾರ. ಸಂಸಾರವೆಂದರೆ ಅವಳು, ಮತ್ತು ಶಾಲೆಗೆಂದು ನಮ್ಮೂರು ಸೀತೂರಿನಿಂದ ಅಪ್ಪ ತಂದು ಬಿಟ್ಟಿದ್ದ ನಾನು. ಹುಡುಗಿಯರಿಗೆ ಅವಳೆಂದರೆ ಸಲಿಗೆಯೂ ಹೌದು, ನಡುಕವೂ ಹೌದು. ಅಡ್ಡ ಕತ್ತರಿಸಿದರೆ, "ಬಟ್ಟೆ ಅಂದ್ರೆ ಬಾಳೆಲೆ ಅಂದ್ಕಂಡ್ಯೇನೇ, ಹರಿದ್ರೆ ಇನ್ನೊಂದು ಕೊಯ್ಕಂಡು ಬರಕ್ಕೆ?" ಎಂದು ಗದರುತ್ತಿದ್ದಳು. ಹಾಗೆ ಗದರಿದ ಮೇಲೆ ಒಮ್ಮೊಮ್ಮೆ ಉಸಿರು ಸಾಲದೆ ಗೋಡೆ ಹಿಡಿದು ನಿಲ್ಲುವಳು. ಏನಾಯಿತು ಎಂದರೆ ಒಂದೇ ಉತ್ತರ: "ಎಂತದೂ ಇಲ್ಲ ಮಾರಾಯ್ತಿ, ಪಿತ್ತ." ಹೊಟ್ಟೆ ಉಬ್ಬರಿಸಿದರೂ ಪಿತ್ತ, ಬಾಯಿ ಹುಣ್ಣಾದರೂ ಪಿತ್ತ, ಮೊಣಕಾಲು ಸಿಡಿದರೂ ಪಿತ್ತ. ಪಾಪದ ಪಿತ್ತ, ಅದು ಮಾಡದ ತಪ್ಪಿಗೆಲ್ಲ ಅತ್ತೆಯ ಬಾಯಿಗೆ ಸಿಕ್ಕಿತು.

ನಾನೂ ಅವಳದೇ ಅಚ್ಚು. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಮುಂದೆ. ಶಾಲೆಯಲ್ಲಿ ಪ್ರಾರ್ಥನೆಗೆ ನಿಂತವಳು ಒಂದು ದಿನ ಅಲ್ಲೇ ಕುಸಿದುಬಿದ್ದೆ. ಎಚ್ಚರವಾದಾಗ ಆಸ್ಪತ್ರೆಯ ಮಂಚದ ಮೇಲಿದ್ದೆ, ಕೈಗೆ ರಕ್ತದ ಬಾಟ್ಲಿ ಹಾಕಿದ್ದರು, ಪಕ್ಕದಲ್ಲಿ ಅತ್ತೆ ಕೂತಿದ್ದಳು. ಕುತ್ತಿಗೆಯಲ್ಲಿ ಅಳತೆಯ ಟೇಪು ಹಾಗೇ ನೇತಾಡುತ್ತಿತ್ತು. ಎಲ್ಲವನ್ನೂ ನಕ್ಕು ಹಾರಿಸುತ್ತಿದ್ದ ಅತ್ತೆಯ ಮುಖದಲ್ಲಿ ಭಯ ಕಂಡಿದ್ದು ಅವತ್ತೇ ಮೊದಲು. ನನಗೆ ನನ್ನ ಕಾಯಿಲೆಗಿಂತ ಆ ಮುಖ ನೋಡಿಯೇ ಹೆದರಿಕೆಯಾಯಿತು.

"ನಾ ಶೃಂಗೇರಿ ಅಮ್ಮನಿಗೆ ಹೇಳ್ಕಂಡಿದೀನಿ. ಇನ್ನು ನಿಂಗೆ ಎಂತದೂ ಆಗಲ್ಲ" ಅಂದಳು.

ಹೇಳಿಕೊಂಡದ್ದು ಏನೆಂದರೆ, ಪ್ರತಿ ಶುಕ್ರವಾರ ಒಪ್ಪತ್ತು. ಮಧ್ಯಾಹ್ನ ಊಟ, ರಾತ್ರಿ ಅನ್ನ ಮುಟ್ಟುವಂತಿಲ್ಲ. ಅನ್ನ ಬಿಟ್ಟ ರಾತ್ರಿ ನಮ್ಮ ಕಡೆ ತಿನ್ನುವುದು ಏನು? ಗೋಧಿ. ನಮ್ಮದು ಅಕ್ಕಿಯ ಸೀಮೆ. ಬೆಳಿಗ್ಗೆ ಅಕ್ಕಿ ರೊಟ್ಟಿ, ಕಡುಬು, ಮಧ್ಯಾಹ್ನ ಅನ್ನ, ರಾತ್ರಿ ಅನ್ನ. ಎಷ್ಟೋ ಮನೆಗಳಲ್ಲಿ ಗೋಧಿ ಒಳಗೆ ಕಾಲಿಡುತ್ತಿದ್ದದ್ದೇ ದೇವರ ಹೆಸರಿನಲ್ಲಿ; ಪೇಟೆಯಿಂದ ತಂದು ದಿನಾ ತಿನ್ನುತ್ತಿದ್ದ ಬನ್ನು, ಬಿಸ್ಕತ್ತನ್ನು ಗೋಧಿಯೆಂದು ನಾವು ಲೆಕ್ಕಕ್ಕೇ ಹಿಡಿದಿರಲಿಲ್ಲ. ಅವಲಕ್ಕಿ ತಿಂದುಕೊಂಡಾದರೂ ಇರಬಹುದಿತ್ತು, ಹಾಗೆ ಮಾಡುವವರೂ ಇದ್ದಾರೆ. ಅತ್ತೆ ಮಡಿಯಲ್ಲಿ ಅಷ್ಟಕ್ಕಷ್ಟೆ, ಆದರೆ ಮಾತಿನಲ್ಲಿ ಬಲು ಗಟ್ಟಿ. "ಅವಲಕ್ಕಿಯೂ ಅಕ್ಕಿಯೇ ಅಲ್ದಾ? ದೇವರ ಹತ್ರ ಎಂತಕ್ಕೆ ಮೋಸ?" ಎಂದು ಗೋಧಿ ರವೆಯ ಉಪ್ಪಿಟ್ಟನ್ನೇ ಹಿಡಿದಳು.

ಆ ಉಪ್ಪಿಟ್ಟು ಎಷ್ಟು ರುಚಿಯಾಗಿರುತ್ತಿತ್ತು! ರವೆಯನ್ನು ತುಪ್ಪದಲ್ಲಿ ಘಂ ಎನ್ನುವವರೆಗೆ ಹುರಿದು, ಶುಂಠಿ, ಕರಿಬೇವು, ಮೇಲೆ ಕೈತುಂಬ ತೆಂಗಿನತುರಿ. "ಗೋಧಿ ಪುಷ್ಟಿ, ತಿನ್ನು ಕೂಸೇ" ಎಂದು ನನ್ನ ತಟ್ಟೆಗೆ ತನಗಿಂತ ಹೆಚ್ಚು ಬಡಿಸುತ್ತಿದ್ದಳು. ಅನ್ನವಿದ್ದರೂ ನಾನು ಉಪ್ಪಿಟ್ಟಿಗೇ ಹಟ ಮಾಡುತ್ತಿದ್ದೆ. ಶನಿವಾರ ನನಗೆ ಹೊಟ್ಟೆನೋವು, ಭೇದಿ. ಅವಳಿಗೆ ಪಿತ್ತ. ನನಗೆ ಮತ್ತೆ ಸುಸ್ತು ಎಂದು ಅತ್ತೆ ಸೋಮವಾರವನ್ನೂ ಸೇರಿಸಿಕೊಂಡಳು. ಪರೀಕ್ಷೆ ಹೊತ್ತಿಗೆ ಜ್ವರ ಬಂತೆಂದು ಗುರುವಾರ ಸೇರಿತು. ಕಾಯಿಲೆ ಹೆಚ್ಚಿದಷ್ಟೂ ಒಪ್ಪತ್ತು, ಒಪ್ಪತ್ತು ಹೆಚ್ಚಿದಷ್ಟೂ ಗೋಧಿ, ಗೋಧಿ ಹೆಚ್ಚಿದಷ್ಟೂ ಕಾಯಿಲೆ. ಇಬ್ಬರೂ ಆ ಗಾಣಕ್ಕೆ ಕಟ್ಟಿದವರಂತೆ ಸುತ್ತುತ್ತಿದ್ದೆವು. ಈಗ ನೆನೆಸಿಕೊಂಡರೆ ಮೈ ಜುಮ್ಮೆನ್ನುತ್ತದೆ.

ಹೈಸ್ಕೂಲು ಮುಗಿಸುವ ಹೊತ್ತಿಗೆ ನಾನು ಹೇಗೋ ಚೇತರಿಸಿಕೊಂಡೆ. ಮೈ ತುಂಬಿತು, ಎತ್ತರವಾದೆ. ಈ ಕಾಯಿಲೆ ಆ ವಯಸ್ಸಿನಲ್ಲಿ ಕೆಲವರಿಗೆ ಸುಮ್ಮನೆ ಅಡಗಿ ಕೂರುವುದುಂಟಂತೆ, ಮುಂದೆ ಡಾಕ್ಟರು ಹೇಳಿದರು. ಅತ್ತೆಗೆ ಅದೆಲ್ಲ ಏನು ಗೊತ್ತು? ಅವಳ ಲೆಕ್ಕದಲ್ಲಿ ಒಪ್ಪತ್ತು ಫಲ ಕೊಟ್ಟಿತು. ನನ್ನನ್ನು ಶೃಂಗೇರಿಗೆ ಕರೆದುಕೊಂಡು ಹೋಗಿ ಅಮ್ಮನವರ ಎದುರು ನಿಲ್ಲಿಸಿ, "ನೋಡಮ್ಮ, ನೀ ಕೊಟ್ಟ ಮಾತು ನಡೆಸಿದೆ, ನಾನೂ ನಡೆಸ್ತೀನಿ" ಎಂದು ಪಕ್ಕದವರಿಗೂ ಕೇಳುವಂತೆ ಹೇಳಿದಳು. ನನಗೆ ನಾಚಿಕೆಯಾಗಿ ಅವಳ ಸೆರಗು ಹಿಡಿದು ಎಳೆದಿದ್ದೆ.

ಓದಿದೆ, ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ಕೆಲಸ ಸಿಕ್ಕಿತು, ಮದುವೆಯಾಗಿ ನರಸಿಂಹರಾಜಪುರಕ್ಕೆ ಬಂದೆ. ಮಗಳು ಹುಟ್ಟಿದ ಮೇಲೆ ಅಡಗಿ ಕೂತಿದ್ದದ್ದು ಎದ್ದಿತು. ತಿಂದದ್ದು ನಿಲ್ಲದು. ಕೂದಲು ಕೈಗೆ ಬರುತ್ತಿತ್ತು. ಬೋರ್ಡಿನ ಮೇಲೆ ಬರೆಯುವಾಗ ಬೆರಳು ಜೋಮು ಹಿಡಿದು ಸೀಮೆಸುಣ್ಣ ಬಿದ್ದುಹೋಗುತ್ತಿತ್ತು. ಕ್ಯಾನ್ಸರೇ ಇರಬೇಕೆಂದು ಮನಸ್ಸಿನಲ್ಲೇ ತೀರ್ಮಾನಿಸಿ, ತೊಟ್ಟಿಲಲ್ಲಿದ್ದ ಮಗುವನ್ನು ನೋಡಿ ಬಚ್ಚಲಿಗೆ ಹೋಗಿ ಅಳುತ್ತಿದ್ದೆ. ಕೊನೆಗೆ ಶಿವಮೊಗ್ಗದ ಡಾಕ್ಟರೊಬ್ಬರು ರಕ್ತ ಪರೀಕ್ಷೆ ಮಾಡಿಸಿ, ಬಾಯಿಯಿಂದ ಪೈಪು ಇಳಿಸಿ ಸಣ್ಣಕರುಳಿನ ಚೂರು ತೆಗೆಸಿ ನೋಡಿ, ಸೀಲಿಯಾಕ್ ಎಂಬ ಹೆಸರು ಹೇಳಿದರು. ಗೋಧಿಯಲ್ಲಿ ಗ್ಲುಟೆನ್ ಎಂಬ ಅಂಟು ಇರುತ್ತದಂತೆ. ಅದು ಒಳಗೆ ಹೋದರೆ ನನ್ನ ಮೈಯೇ ನನ್ನ ಕರುಳನ್ನು ಸವೆಸುತ್ತದಂತೆ. ಉಂಡದ್ದು ಮೈಗೆ ಹತ್ತುವುದಿಲ್ಲ. ರಕ್ತ ಇಳಿಯುತ್ತದೆ, ಎಲುಬು ಟೊಳ್ಳಾಗುತ್ತದೆ. ಮಾತ್ರೆ ಇಲ್ಲ, ಆಪರೇಷನ್ ಇಲ್ಲ. ಗೋಧಿ, ಮೈದಾ, ರವೆ, ಬಾರ್ಲಿ ಯಾವುದೂ ಜೀವ ಇರುವವರೆಗೆ ಒಂದು ಚೂರೂ ತಿನ್ನುವಂತಿಲ್ಲ, ಅಷ್ಟೇ.

"ಇದು ರಕ್ತದಲ್ಲಿ ಬರೋದು. ನಿಮ್ಮ ಮನೆಯಲ್ಲಿ ಇನ್ಯಾರಿಗಾದ್ರೂ ಹೀಗೆ ಇತ್ತಾ?" ಎಂದು ಡಾಕ್ಟರು ಕೇಳಿದರು.

ನನಗೆ ಕಣ್ಣಮುಂದೆ ಬಂದದ್ದು ಜಾರುವ ಬಳೆ. ನನ್ನ ಅತ್ತೆಗೆ, ಅಂದೆ.

ಅಲ್ಲಿಂದ ಮುಂದೆ ನನ್ನ ಬದುಕಿಗೆ ಭಯವೇ ಯಜಮಾನ. ಅಕ್ಕಿ ಉಣ್ಣುವ ಊರಿನಲ್ಲಿ ಗೋಧಿ ಬಿಡುವುದೇನು ಮಹಾ ಎಂದುಕೊಂಡಿದ್ದೆ. ಬಿಟ್ಟ ಮೇಲೂ ಹೊಟ್ಟೆ ಕೆಡುತ್ತಲೇ ಇತ್ತು. ಹುಡುಕಿ ಹುಡುಕಿ ನೋಡಿದರೆ ಸಾರಿಗೆ ಹಾಕುವ ಡಬ್ಬಿ ಇಂಗಿನಲ್ಲಿ ಮೈದಾ! ನಾವು ಒಗ್ಗರಣೆಗೆ, ತಂಬುಳಿಗೆ, ಉಪ್ಪಿನಕಾಯಿಗೆ ಎಲ್ಲದಕ್ಕೂ ಇಂಗು ಹಾಕುವವರು. ಅದು ಹೋಯಿತು. ಆಮೇಲೆ ಅಕ್ಕಿ ಹಿಟ್ಟು. ಗಿರಣಿಯಲ್ಲಿ ಯಾರದೋ ಗೋಧಿ ಬೀಸಿದ ಬೆನ್ನಿಗೇ ನಮ್ಮ ಅಕ್ಕಿ ಸುರಿದರೆ ಕಲ್ಲಿನಲ್ಲಿದ್ದ ಗೋಧಿಯೆಲ್ಲ ನಮ್ಮ ಹಿಟ್ಟಿಗೇ. ಮದುವೆ ಮನೆಯಲ್ಲಿ ಎಲೆ ಮುಂದೆ ಕೂತರೆ ನನಗೆ ಪಲ್ಯ ಕಾಣುವುದಿಲ್ಲ, ಆ ಪಲ್ಯ ಬಡಿಸಿದ ಸೌಟು ಅದಕ್ಕೆ ಮೊದಲು ಯಾವುದರಲ್ಲಿತ್ತು ಎಂಬುದೇ ಕಾಣುತ್ತದೆ. "ಒಂಚೂರು ತಿಂದ್ರೆ ಎಂತ ಆಗುತ್ತೆ ಮಾರಾಯ್ತಿ" ಎಂದು ಕೇಳದವರೇ ಇಲ್ಲ. ಸತ್ಯನಾರಾಯಣ ಪೂಜೆಯ ಪ್ರಸಾದ, ಗೋಧಿ ರವೆಯ ಸಪಾದ ಭಕ್ಷ್ಯ ಬೇಡವೆನ್ನುವುದು ಎಲ್ಲಕ್ಕಿಂತ ಕಷ್ಟ. ಪ್ರಸಾದ ಬಿಟ್ಟು ಹೋದವರಿಗೆ ಏನೇನಾಯಿತು ಎಂದು ಆಗಷ್ಟೇ ಕಥೆ ಕೇಳಿ ಎದ್ದವರ ನಡುವೆ ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತು ನೋಡಿ, ಗೊತ್ತಾಗುತ್ತದೆ. ಪ್ರಸಾದ ತಿಂದರೆ ಕರುಳಿನ ಭಯ, ಬಿಟ್ಟರೆ ದೇವರ ಭಯ.

ಮೈ ಸ್ವಲ್ಪ ಹತೋಟಿಗೆ ಬಂದ ಕೂಡಲೆ ಬಸ್ಸು ಹತ್ತಿ ಕೊಪ್ಪಕ್ಕೆ ಹೋದೆ. ಅತ್ತೆ ಲಂಗವೊಂದಕ್ಕೆ ಅಂಚು ಮಡಿಸುತ್ತಿದ್ದಳು. ಎಲ್ಲ ಹೇಳಿದೆ. ಅವಳು ಮಿಷನ್ ನಿಲ್ಲಿಸಿ ಗಾಲಿಯ ಮೇಲೆ ಕೈಯಿಟ್ಟುಕೊಂಡು ಕೇಳಿದಳು. 

"ಹಂಗಾದ್ರೆ ನಾ ನಿಂಗೆ ತಿನ್ಸಿದ್ದು..." ಅಂದಳು.

"ನಿಂಗೆ ಗೊತ್ತಿತ್ತಾ ಅತ್ತೆ? ಯಾರಿಗೂ ಗೊತ್ತಿರ್ಲಿಲ್ಲ."

"ತುಪ್ಪ ಹಾಕಿ ತಿನ್ಸಿದ್ನಲ್ಲೇ ಕೂಸೇ."

ಅವತ್ತು ಅವಳನ್ನು ಸಮಾಧಾನ ಮಾಡುವುದರಲ್ಲಿ ಸಾಕುಸಾಕಾಯಿತು. ಮುಂದಿನ ಸಲ ಹೋಗುವಷ್ಟರಲ್ಲಿ ನನಗೆಂದು ಬೇರೆ ತಟ್ಟೆ, ಬೇರೆ ಬಾಣಲೆ, ಬೇರೆ ಮಣೆ ಬಂದಿದ್ದವು. ಕೆಳಗೆ ಬಟ್ಟೆ ಅಂಗಡಿಯ ಪಕ್ಕದ ಹಿಟ್ಟಿನ ಗಿರಣಿಯ ಸಾಹೇಬರಿಗೂ ತಾಕೀತು ಹೋಗಿತ್ತು. ಅವರು ನನ್ನನ್ನು ಕಂಡು, "ನಿಮ್ಮತ್ತೆ ನಮ್ಮ ಗಿರಣಿಗೇ ಸ್ನಾನ ಮಾಡಿಸ್ತಾರೆ ಮೇಡಂ! ಮೊದಲು ಒಂದು ಸೇರು ಅಕ್ಕಿ ಬೀಸಿ ದನಕ್ಕೆ ಹಾಕಿಸಿ, ಆಮೇಲೆ ನಿಮ್ಮ ಅಕ್ಕಿ ಹಾಕಕ್ಕೆ ಬಿಡೋದು" ಎಂದು ನಕ್ಕರು. ನನಗಾಗಿ ಇಷ್ಟೆಲ್ಲ ಮಾಡಿದವಳು ತನ್ನ ವಿಷಯಕ್ಕೆ ಬಂದರೆ ಮಾತ್ರ ಕಲ್ಲುಬಂಡೆ.

ಕಾಡಿ ಬೇಡಿ ರಕ್ತ ಪರೀಕ್ಷೆ ಮಾಡಿಸಿದೆ. ನನ್ನದಕ್ಕಿಂತ ಜೋರಾಗಿತ್ತು. ಪೈಪು ನುಂಗಲು ಮಾತ್ರ ಸುತರಾಂ ಒಪ್ಪಲಿಲ್ಲ. ನುಂಗದಿದ್ದರೆ ಬಿಡಲಿ, ಗೋಧಿಯನ್ನಾದರೂ ಬಿಡಬೇಕಲ್ಲ? "ಬಿಡಕ್ಕಾಗಲ್ಲ" ಅಂದಳು.

"ಅತ್ತೆ, ನಿನ್ನ ಎಲುಬು ಸವೆದು ಹೋಗ್ತಿದೆ. ರಕ್ತ ಇಲ್ಲ. ಹಿಂಗೇ ಆದ್ರೆ ನೀ ಉಳಿಯಲ್ಲ" ಎಂದು ಕಿರುಚಿಬಿಟ್ಟೆ.

"ನಾ ಹೇಳ್ಕಂಡಿದ್ದು ನಿಂಗೋಸ್ಕರ. ನೀ ಉಳಿದೆ. ಈಗ ನಿಂಗೊಂದು ಕೂಸಿದೆ. ಇಷ್ಟು ವರ್ಷ ನಡ್ಸಿದ್ದು ಈಗ ಬಿಟ್ಟು, ನಾಳೆ ನಿಂಗೋ ಕೂಸಿಗೋ ಎಂತಾದ್ರೂ ಆದ್ರೆ? ನಾ ಬದುಕಿ ಎಂತ ಮಾಡ್ಲಿ?"

"ಅದಕ್ಕೂ ಇದಕ್ಕೂ ಎಂತ ಸಂಬಂಧ?" ಎಂದು ಬಾಯಿ ತೆರೆದವಳು ಅಷ್ಟಕ್ಕೇ ನಿಂತೆ. ಮಗಳ ಹೆಸರು ಎತ್ತಿದ ಕೂಡಲೆ ಅವಳ ಭಯ ನನಗೂ ತಗುಲಿತು. ಸೂತ್ರ, ಸಾಧನೆ ಎಂದು ದಿನವಿಡೀ ಪಾಠ ಮಾಡುವವಳು ಬ್ಯಾಗು ಎತ್ತಿಕೊಂಡು ಬಸ್ಸಿಗೆ ಹೊರಟೆ.

ಕೊನೆಗೆ ಶೃಂಗೇರಿಗೇ ಕರೆದುಕೊಂಡು ಹೋದೆ. ಅಲ್ಲಿ ಅತ್ತೆಗೆ ಪರಿಚಯದ ಮುದಿ ಜೋಯಿಸರೊಬ್ಬರಿದ್ದರು. ಒಳ್ಳೆಯ ದಿನ ನೋಡಿಸುವುದಕ್ಕೆ, ಮನಸ್ಸಿಗೆ ಕಿರಿಕಿರಿಯಾದಾಗ ಕೇಳುವುದಕ್ಕೆ ಅವಳು ಹೋಗುತ್ತಿದ್ದದ್ದು ಅವರ ಮನೆಗೇ. ಜಗಲಿಯಲ್ಲಿ ಕೂತು ಎಲ್ಲ ಕೇಳಿಸಿಕೊಂಡು, "ಒಪ್ಪತ್ತು ಅಂದ್ರೆ ಅನ್ನ ಬಿಡೋದಮ್ಮ. ಗೋಧಿ ತಿನ್ನೋದು ಹಸಿವು ತಡೆಯಲ್ಲ ಅಂತ ನಾವು ಮಾಡ್ಕಂಡಿದ್ದು. ಅಮ್ಮನವರು ಗೋಧಿ ತಿನ್ನು ಅಂತ ಯಾವತ್ತು ಹೇಳಿದ್ರು?" ಅಂದರು.

"ಗೋಧಿ ತಿಂದ್ಕಂಡು ಇರ್ತೀನಿ ಅಂತಲೇ ನಾ ಹೇಳಿದ್ದು. ಆಡಿದ ಮಾತು ಆಡಿದ್ದೇ ಅಲ್ದಾ?"

"ಯಾವ ಮಗು ಉಳೀಲಿ ಅಂತ ಹೇಳಿದ್ರೋ, ಆ ಮಗುವೇ ಎದುರು ಬಂದು ಬೇಡ ಅಂತಿದೆ. ಇನ್ನು ಅಮ್ಮನವರು ಹೆಂಗೆ ಬಂದು ಹೇಳ್ಬೇಕು ನಿಮಗೆ?"

ಅತ್ತೆ ಆಗಲಿ ಎಂಬಂತೆ ತಲೆಯಾಡಿಸಿದಳು. ದೇವಸ್ಥಾನದಲ್ಲಿ ಕಣ್ಣು ಮುಚ್ಚಿ ತುಂಬ ಹೊತ್ತು ನಿಂತಳು. ಆಮೇಲೆ ತುಂಗೆಯ ಮೆಟ್ಟಿಲಲ್ಲಿ ಮೀನುಗಳಿಗೆ ಮಂಡಕ್ಕಿ ಹಾಕುತ್ತಾ ಕೂತಾಗ ಇದ್ದಕ್ಕಿದ್ದಂತೆ ನನ್ನ ಮೊಣಕೈ ಹಿಡಿದುಕೊಂಡು, "ಎಂತದೂ ಆಗಲಿಕ್ಕಿಲ್ಲ ಅಲ್ದಾ ಕೂಸೇ?" ಅಂದಳು.  ಇಲ್ಲ ಅತ್ತೆ, ಎಂತ ಆಗುತ್ತೆ, ಎಂದೆ.

ಅವತ್ತಿನಿಂದ ಒಪ್ಪತ್ತಿನ ರಾತ್ರಿ ಸಬ್ಬಕ್ಕಿ, ಬೇಯಿಸಿದ ಗೆಣಸು, ಬಾಳೆಹಣ್ಣು. ಮುಂದಿನ ತಿಂಗಳುಗಳನ್ನು ನೆನೆದರೆ ನನಗೆ ಇವತ್ತೂ ಸಂತೋಷವಾಗುತ್ತದೆ. ಅತ್ತೆಯ ಕೆನ್ನೆಗೆ ಬಣ್ಣ ಬಂತು. ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯುವುದು ಬಿಟ್ಟಳು. ಒಂದು ದಿನ ಫೋನು ಮಾಡಿ, "ಕೇಳಿದ್ಯೇನೇ, ನನ್ನ ಬ್ಲೌಸಿನ ಹೊಲಿಗೆ ಬಿಚ್ಚಿದೆ! ಬಿಗಿಯಾಗ್ತಿತ್ತು!" ಎಂದು ಚಿಕ್ಕ ಹುಡುಗಿಯಂತೆ ಕೂಗಿದಳು. ಬಿಚ್ಚಲು ಹೋದರೆ ಸಾಲುಸಾಲು ಹೊಲಿಗೆ, ಯಾವುದು ಯಾವ ವರ್ಷದ್ದೆಂದೇ ತಿಳಿಯಲಿಲ್ಲವಂತೆ. "ಅರವತ್ತು ದಾಟಿದ ಮೇಲೆ ಮೈ ಕೈ ತುಂಬ್ಕಂಡು ಎಂತ ಮಾಡ್ಲಿ, ಇನ್ನು ಗಂಡು ಹುಡುಕ್ತೀಯಾ?" ಎಂದು ನಗಾಡಿದಳು. ಅಷ್ಟು ನಿರಾಳವಾಗಿ ನಕ್ಕದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ಆ ನಗು ಹೆಚ್ಚು ದಿನ ಉಳಿಯಲಿಲ್ಲ. ಶಾಲೆಗೆ ಸೇರಿದ ಮಗಳು ಓರಗೆಯ ಮಕ್ಕಳಿಗಿಂತ ಗಿಡ್ಡವಾಗಿ ಉಳಿದಳು. ಕಣ್ಣ ಕೆಳಗೆ ಕಪ್ಪು. ಚಿಕ್ಕವಳಿದ್ದಾಗ ಮಾಡಿಸಿದ ಪರೀಕ್ಷೆಯಲ್ಲಿ ಏನೂ ಇರಲಿಲ್ಲವಾದ್ದರಿಂದ ಬಿಸ್ಕತ್ತು, ಬ್ರೆಡ್ಡು, ಅವಳಪ್ಪನ ಜೊತೆ ಚಪಾತಿ ಎಲ್ಲ ತಿನ್ನುತ್ತಿದ್ದಳು. ಈ ಕಾಯಿಲೆ ಯಾವ ವಯಸ್ಸಿನಲ್ಲಾದರೂ ಎದ್ದೀತು, ಮತ್ತೊಮ್ಮೆ ನೋಡೋಣ ಎಂದು ಡಾಕ್ಟರು ರಕ್ತ ತೆಗೆಸಿದರು. ರಿಪೋರ್ಟು ನನ್ನ ಫೋನಿಗೆ ಬಂತು. ಸ್ಟಾಫ್ ರೂಮಿನಲ್ಲಿ ನಿಂತು ನೋಡಿದೆ. ಅವಳಿಗೂ ಅದೇ. ಎಂಥ ಗ್ರಹಚಾರ! ನನಗೆ ಬಂದದ್ದು ನನ್ನಲ್ಲೇ ಮುಗಿಯಲಿ ಎಂದು ಎಷ್ಟು ಬೇಡಿಕೊಂಡಿದ್ದೆ. ಇನ್ನು ಈ ಮಗು ಜೀವನಪೂರ್ತಿ ಪ್ರತಿ ತುತ್ತಿಗೂ ಹೆದರಬೇಕು.

ಅತ್ತೆಗೆ ಫೋನಿನಲ್ಲಿ ಹೇಳಿದೆ.  ಸಣ್ಣ ದನಿಯಲ್ಲಿ, "ಹೌದನಾ" ಅಂದಳು. ಅಷ್ಟೆ. ಅಳಲಿಲ್ಲ, ಏನೂ ಕೇಳಲಿಲ್ಲ. ಮಗಳ ಬಟ್ಟಲು, ಡಬ್ಬಿ, ಶಾಲೆಗೆ ಏನು ಕಳಿಸುವುದು, ಹುಟ್ಟುಹಬ್ಬದ ಕೇಕು ಎಂದರೆ ಹೇಗೆ ತಡೆಯುವುದು, ನನಗೆ ನನ್ನದೇ ತಲೆಬಿಸಿ. ಶಾಲೆ ಬಿಡುವ ಹೊತ್ತಿಗೆ ಗೇಟಿನಲ್ಲಿ ನಿಂತು ಮಗಳ ಬಾಯಿ ಮೂಸಿ ನೋಡುವ ಹುಚ್ಚಿ ಆಗಿದ್ದೆ. ಅತ್ತೆ ವಾರಕ್ಕೆ ಎರಡು ಮೂರು ಸಲ ಫೋನು ಮಾಡಿ, "ಕೂಸು ತೂಕ ಬಂತಾ?" ಎಂದಷ್ಟೇ ಕೇಳುತ್ತಿದ್ದಳು. ಬರುತ್ತಾ ಇದೆ ಎಂದರೆ, "ಬರುತ್ತೆ, ಬರುತ್ತೆ" ಎಂದು ಇಟ್ಟುಬಿಡುತ್ತಿದ್ದಳು.

ಮಗಳನ್ನು ಕರೆದುಕೊಂಡು ಹೋದಾಗ ನೋಡಿದರೆ ಅತ್ತೆ ಮತ್ತೆ ಇಳಿದಿದ್ದಳು. ಕುತ್ತಿಗೆಯ ನರ ಎದ್ದು ಕಾಣುತ್ತಿತ್ತು.

"ಅತ್ತೆ, ಗೋಧಿ ತಿಂತಿಲ್ಲ ತಾನೇ?"

"ಎಂತದೂ ಇಲ್ಲ. ಪಿತ್ತ ಕೆದರಿದೆ. ಮೋಡದ ಹವೆ."

ನಂಬಿದೆ. ನನ್ನ ಬಾಣಲೆಯನ್ನು ಅಷ್ಟು ಜೋಪಾನ ಮಾಡಿದವಳು ತನ್ನ ಬಾಣಲೆಯ ವಿಷಯದಲ್ಲಿ ಸುಳ್ಳು ಹೇಳುತ್ತಾಳೆಂದು ಯಾರಿಗೆ ಹೊಳೆಯುತ್ತದೆ?

ಒಂದು ಶನಿವಾರ ಬೆಳಿಗ್ಗೆ ಗಿರಣಿ ಸಾಹೇಬರ ಫೋನು. ಅತ್ತೆ ಬಿದ್ದಿದ್ದಳು. ಮೆಟ್ಟಿಲಿಂದ ಉರುಳಿದ್ದಲ್ಲ, ಜಾರಿದ್ದೂ ಅಲ್ಲ. ಕೆಳಗೆ ಬಿದ್ದ ಕತ್ತರಿ ಎತ್ತಿಕೊಳ್ಳಲು ಬಗ್ಗಿ ಏಳುವಾಗ ಸೊಂಟದ ಎಲುಬು ಮುರಿದು ಕುಸಿದಿದ್ದಳು. ಕ್ಲಾಸಿನ ಹುಡುಗಿಯರು ಕೂಗಿಕೊಂಡಾಗ ಸಾಹೇಬರೇ ಎತ್ತಿಕೊಂಡು ಹೋಗಿ ಆಸ್ಪತ್ರೆಗೆ ಸೇರಿಸಿದ್ದರು. ಅಲ್ಲಿಂದ ಶಿವಮೊಗ್ಗಕ್ಕೆ ಕರೆದೊಯ್ಯುವ ಮೊದಲು ನಾಲ್ಕು ಬಟ್ಟೆ ತರಲೆಂದು ನಾನು ಅವಳ ಮನೆಗೆ ಹೋದೆ. ಅಡುಗೆಕೋಣೆಯಲ್ಲಿ ಗ್ಯಾಸಿನ ಮೇಲೆ ಒಂದು ಪಾತ್ರೆ ಮುಚ್ಚಿಟ್ಟಿತ್ತು. ತೆರೆದೆ. ಹಿಂದಿನ ರಾತ್ರಿಯ ಗೋಧಿ ಉಪ್ಪಿಟ್ಟು. ಮೇಲೆ ತೆಂಗಿನತುರಿ.

ಸಿಟ್ಟು ಬಂದು ಆ ಪಾತ್ರೆಯನ್ನು ಕಿಟಕಿಯಿಂದ ಎಸೆದುಬಿಡೋಣ ಅನ್ನಿಸಿತು. ಎಸೆಯಲಿಲ್ಲ. ಅದನ್ನು ಹಿಡಿದುಕೊಂಡು ಅಲ್ಲೇ ನಿಂತು ಅತ್ತುಬಿಟ್ಟೆ.

ಎಲುಬು ಒಣಗಿದ ಸೀಗೆಕಡ್ಡಿಯ ಹಾಗಿದೆ, ಆಪರೇಷನ್ ಮಾಡಬೇಕೆಂದರೆ ಮೊದಲು ರಕ್ತ ಏರಬೇಕು ಎಂದು ಡಾಕ್ಟರು ಹೇಳಿದರು. ರಕ್ತ ಕೊಡುತ್ತಾ ಕಾದೆವು. ಮಲಗಿದಲ್ಲೇ ಎದೆಯಲ್ಲಿ ಕಫ ಕಟ್ಟಿತು, ಜ್ವರ ಹಿಡಿಯಿತು. ಒಂದು ಸಂಜೆ ಸ್ವಲ್ಪ ಗೆಲುವಾಗಿದ್ದಳು. ಕೇಳಬಾರದೆಂದುಕೊಂಡಿದ್ದೆ, ತಡೆಯಲಾಗದೆ ಕೇಳಿದೆ.

"ಎಂತಕ್ಕೆ ಮತ್ತೆ ಶುರು ಮಾಡಿದೆ ಅತ್ತೆ? ಜೋಯಿಸರು ಅಷ್ಟು ಹೇಳಿದ್ರಲ್ಲ?"

"ಜೋಯಿಸರು ಹೇಳಿದ್ರು. ನಾ ಬಿಟ್ಟೆ. ಕೂಸಿಗೆ ಬಂತು" ಅಂದಳು. ಇಷ್ಟು ಸಣ್ಣ ವಿಷಯ ನಿನಗೆ ತಿಳಿಯುವುದಿಲ್ಲವೇ ಎಂಬಂತೆ ನನ್ನನ್ನು ನೋಡಿದಳು. ಆಮೇಲೆ, "ತೂಕ ಬಂತಾ?" ಎಂದು ಕೇಳಿದಳು.

"ಬಂದಿದೆ. ಎತ್ತರವೂ ಆಗಿದಾಳೆ. ಓಡಾಡ್ತಾಳೆ."

ಅವಳ ಮುಖ ಅರಳಿತು. "ನೋಡು ಮತ್ತೆ."

"ಅತ್ತೆ, ಅದು ಅವಳು ಗೋಧಿ ಬಿಟ್ಟಿದ್ದಕ್ಕೆ. ನೀ ತಿಂದಿದ್ದಕ್ಕಲ್ಲ." 

ಅತ್ತೆ ನನ್ನ ಕೈಯನ್ನು ಮೆಲ್ಲಗೆ ತಟ್ಟಿದಳು. "ಇರ್ಲಿ ಬಿಡೇ. ಅವಳು ಬಿಟ್ಟಿದ್ದೂ ಆಯ್ತು, ನಾ ತಿಂದಿದ್ದೂ ಆಯ್ತು. ಎರಡ್ರಲ್ಲಿ ಯಾವ್ದೋ ಒಂದು ಹಿಡೀತಲ್ಲ."

 ನಾನು ಅವಳ ಹೊದಿಕೆ ಸರಿಮಾಡಿದೆ. ಮಾರನೆಯ ದಿನ ಜ್ವರದ ಮಂಪರಿನಲ್ಲಿ, "ಈ ಶುಕ್ರವಾರ ತಪ್ಪಿಹೋಯ್ತಲ್ಲೇ, ಎಂತ ಮಾಡೋದು" ಎಂದು ಪದೇ ಪದೇ ಕೇಳುತ್ತಿದ್ದಳು. ಮೂಗಿನಲ್ಲಿ ನಳಿಗೆ, ಕೈಯಲ್ಲಿ ಸೂಜಿ, ಬಾಯಿಗೆ ನೀರೂ ಇಲ್ಲ, ಅವಳ ಕಳವಳ ಅದು. ತಪ್ಪಿಲ್ಲ ಅತ್ತೆ, ನೀನು ಅನ್ನ ಉಂಡೇ ಇಲ್ಲವಲ್ಲ ಎಂದೆ. ಕೇಳಿಸಿತೋ ಇಲ್ಲವೋ. ಮುಂದಿನ ಶುಕ್ರವಾರ ಬರುವುದರೊಳಗೆ ತೀರಿಕೊಂಡಳು.

ಕರ್ಮಾಂತರವೆಲ್ಲ ಮುಗಿದು ನರಸಿಂಹರಾಜಪುರಕ್ಕೆ ವಾಪಸು ಬಂದ ವಾರ. ರಾತ್ರಿ ಊಟಕ್ಕೆ ಮೂವರೂ ಕೂತಿದ್ದೆವು. ಮಗಳು ಅವತ್ತು ಆಟದ ಪೀರಿಯಡ್ಡಿನಲ್ಲಿ ಎಲ್ಲರಿಗಿಂತ ಮುಂದೆ ಓಡಿದೆನೆಂದು ಕೈ ಬೀಸಿ ಬೀಸಿ ಹೇಳುತ್ತಾ ಗಬಗಬ ಉಣ್ಣುತ್ತಿದ್ದಳು. ಕೆನ್ನೆ ತುಂಬಿದೆ, ಕಣ್ಣ ಕೆಳಗಿನ ಕಪ್ಪು ಹೋಗಿದೆ. ಏಕೆ ಹೋಗಿದೆ ಎಂದು ನನಗೆ ಗೊತ್ತು. ಡಾಕ್ಟರಿಗಿಂತ ಚೆನ್ನಾಗಿ ಗೊತ್ತು, ಕೇಳಿದವರಿಗೆ ಚಿತ್ರ ಬರೆದು ವಿವರಿಸಬಲ್ಲೆ. ನನ್ನ ತಟ್ಟೆಗೂ ಅನ್ನ ಬಡಿಸಿಕೊಂಡು ಕಲಸಿ ತುತ್ತು ಎತ್ತಿದೆ. ಆಗ ನೆನಪಾಯಿತು, ಅವತ್ತು ಶುಕ್ರವಾರ.

ಕೊಪ್ಪದಲ್ಲಿ ಈಗ ನನ್ನ ಮಗಳಿಗಾಗಿ ಅನ್ನ ಬಿಟ್ಟು ಕೂತವರು ಯಾರೂ ಇಲ್ಲ ಎಂಬುದು ಆ ಕ್ಷಣಕ್ಕೆ ಹೊಳೆಯಿತು. ಕೈ ಬಾಯಿಗೆ ಹೋಗಲಿಲ್ಲ. ತುತ್ತನ್ನು ತಟ್ಟೆಗೇ ಇಳಿಸಿ, ಹಸಿವಿಲ್ಲವೆಂದು ಎದ್ದು ಕೈ ತೊಳೆದೆ. ಅವತ್ತಿನಿಂದ ಇವತ್ತಿನವರೆಗೆ ಶುಕ್ರವಾರ ರಾತ್ರಿ ನಾನು ಅನ್ನ ಉಂಡಿಲ್ಲ. ಬಾಳೆಹಣ್ಣು ತಿಂದು ಮಲಗುತ್ತೇನೆ. ನಂಬಿಕೆ ಬಂದಿದೆಯೇ ಎಂದು ಗಂಡ ಕೇಳಿದರು. ಇಲ್ಲ ಎಂದೆ. ಮತ್ತೇಕೆ ಒಪ್ಪತ್ತು ಬಿಡುತ್ತಿಲ್ಲ ಎಂದರು. ಬಿಟ್ಟು ನೋಡುವಷ್ಟು ಧೈರ್ಯ ನನಗಿಲ್ಲ.